ಗುಂಡುಕಲ್ಲು ಎದ್ದ ಬೆಳಿಗ್ಗೆ

ಮೇಜಿನ ಸುತ್ತ ಕೂತು ನಮ್ಮನ್ನು ಆಡಿಸುವ ಮೇಲಿನವರು ನಿಯಮ ತಿದ್ದಿದ ಮರುದಿನ, ನಾವು ಹುಲ್ಲಾಳು ಕುಲದವರು ಎದ್ದ ಕೂಡಲೇ ಬಲ ಬಂದಿದೆಯೇ ಅಂತ ಮನೆಯ ಗುಂಡುಕಲ್ಲು ಎತ್ತಿ ನೋಡುತ್ತೇವೆ. ದೈತ್ಯರಿಗೆ ತೋಳಿದೆ, ಗರುಡರಿಗೆ ರೆಕ್ಕೆಯಿದೆ. ನಮಗೆ ಏನೂ ಇಲ್ಲ, ಹಾಗಾಗಿ ಮೇಲಿನ ಯಾವ ಆಟಗಾರನೂ ನಮ್ಮ ಕುಲವನ್ನು ಆರಿಸುವುದಿಲ್ಲ. ಯಾರೂ ಆರಿಸದೆ ಬಿಟ್ಟವರು ಈ ಕೇರಿಯಲ್ಲೇ ಹುಟ್ಟಿ ಇಲ್ಲೇ ಸಾಯಬೇಕು. ಕುಲಕ್ಕೆ ಒಂದಿಷ್ಟು ಬಲ ಸಿಗಲಿ ಅಂತ ನಮ್ಮತ್ತೆ ಆಯಸ್ಸಿಡೀ ಹರಕೆ ಹೊತ್ತವರು.

ಈ ಸಲ ಕಲ್ಲು ಎದ್ದಿತು. ನನ್ನ ಗಂಡ ಅದನ್ನು ಎದೆಮಟ್ಟಕ್ಕೆ ಎತ್ತಿ, ನನ್ನ ಮುಂದೆ ತಂದಿಟ್ಟರು. ನಾನೂ ಎತ್ತಿದೆ. ಅವರು ಮತ್ತೆ ಇಸಿದುಕೊಂಡು ಕೂಸಿನ ಹಾಗೆ ತೋಳಲ್ಲಿ ಹಿಡಿದುಕೊಂಡರು.

"ಅವ್ವನ್ನ ಎಬ್ಬಿಸೇ, ತೋರಿಸೋಣ."

"ಮಲಗಿರ್ಲಿ ಬಿಡಿ. ರಾತ್ರಿಯೆಲ್ಲ ಕೆಮ್ಮಿದಾರೆ, ಈಗಷ್ಟೇ ಸುಮ್ಮನಾದ್ರು."

ಪಕ್ಕದ ಮನೆಯ ಸಿಂಗಾರಿಯನ್ನು ಕೂಗಿ ಕೇಳಿದೆ. ಅವರ ಕಲ್ಲು ಅಲ್ಲಾಡಲೇ ಇಲ್ಲವಂತೆ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳುತ್ತಾಳೆ ಅಂದುಕೊಂಡೆ.

ಅಷ್ಟರಲ್ಲಿ ಡಂಗುರದವನು ಬಂದ. ಅವನ ಹಿಂದೆ ದೈತ್ಯರಿದ್ದರು. ಎಂದೂ ನಮ್ಮ ಮುಖ ನೋಡದವರು ಇವತ್ತು ಬಗ್ಗಿ ಕೈಮುಗಿದರು.

"ಕೇಳ್ರಪ್ಪೋ, ಹೊಸ ನಿಯಮ. ಹುಲ್ಲಾಳು ಸತ್ತರೆ ಪಕ್ಕದಲ್ಲಿದ್ದವರ ಬಲ ಇಮ್ಮಡಿ. ಈಗ ಆಟಗಾರರೆಲ್ಲ ನಿಮ್ಮನ್ನೇ ಕೇಳ್ತಿದಾರೆ, ತಂಡಕ್ಕೊಬ್ಬರಂತೆ. ತಯಾರಾಗಿ."

ನನ್ನ ಗಂಡ ಒಳಗೆ ಅವ್ವನ ಚಾಪೆಯ ಕಡೆ ನೋಡಿದರು. ಆಮೇಲೆ ಕಲ್ಲನ್ನು ಸದ್ದಾಗದಂತೆ ಕೆಳಗಿಟ್ಟರು, ಅವ್ವನಿಗೆ ಎಚ್ಚರವಾದೀತು ಅನ್ನುವ ಹಾಗೆ.