ಇನ್ನೂರ ಹನ್ನೆರಡರಲ್ಲಿ ಒಬ್ಬಳು

"ಗಾಡಿ ಸೈಡಿಗೆ ಹಾಕಿ ಸರ್."

ಚೌಕದ ಟ್ರಾಫಿಕ್ ಪೊಲೀಸಮ್ಮ ಕೈ ಅಡ್ಡ ಹಿಡಿದಾಗ ಇತಿಹಾಸದ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದಕ್ಕೆ ನಗರಸಭೆಯಲ್ಲಿ ವಿಚಾರಣೆ. ಇದೇ ಚೌಕದಲ್ಲಿ ಕುದುರೆ ಏರಿ ನಿಂತಿರುವ ದೊರೆಯ ಪ್ರತಿಮೆಯನ್ನು ತೆಗೆಯಬೇಕೋ ಬಿಡಬೇಕೋ ಎಂದು ಸದಸ್ಯರು ಇವತ್ತು ಕೈಯೆತ್ತಿ ತೀರ್ಮಾನಿಸುವವರಿದ್ದರು. ತೆಗೆಯಿರಿ ಎಂದು ವಾದಿಸಲು ಮೇಷ್ಟ್ರಿಗೆ ಕೊಟ್ಟಿದ್ದು ಮೂರು ನಿಮಿಷ. ಹಿಂದೆ ಎರಡು ಸಲ ಮಾತಾಡಿದ್ದಾಗಿತ್ತು. ಎರಡು ಸಲವೂ ಸದಸ್ಯರು ಆಕಳಿಸಿದ್ದೇ ಬಂತು. ಇವತ್ತು ಸೋತರೆ ಮತ್ತೆ ಆ ಮಾತೇ ಎತ್ತುವ ಹಾಗಿಲ್ಲ.

ಪೊಲೀಸಮ್ಮ ಕೈಯಲ್ಲಿದ್ದ ಮಿಷಿನ್‌ನಲ್ಲಿ ಕಾರಿನ ನಂಬರು ಒತ್ತಿ ನೋಡಿದಳು. "ರಿಜಿಸ್ಟ್ರೇಷನ್ ಮುಗಿದು ನಲವತ್ಮೂರು ದಿನ ಆಗಿದೆಯಲ್ಲ ಸರ್. ರಿನ್ಯೂ ಮಾಡ್ಸಿಲ್ವಾ?"

"ಮರೆತುಹೋಯ್ತಮ್ಮ."

"ಮರೆತಿದ್ದಕ್ಕೇ ಸರ್ ಫೈನು. ಬೇಕೂಂತ ಮಾಡಿದ್ರೆ ಅದಕ್ಕೆ ಬೇರೆ ಸೆಕ್ಷನ್ನು."

ಯುದ್ಧದ ಇಸವಿ ಒಂದೇ ಒಂದು ವರ್ಷ ತಪ್ಪಿದರೂ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಂತಾಯಿತು ಅವರ ಪಾಡು. ಮೇಲಾಗಿ ಮಿಷಿನ್‌ಗೆ ಸಿಗ್ನಲ್ ಬೇರೆ ಇಲ್ಲ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಕಾಯುತ್ತ ನಿಂತ ಪೊಲೀಸಮ್ಮನ ಕಣ್ಣು ಸೀಟಿನ ಮೇಲಿದ್ದ ಕಾಗದದ ಕಟ್ಟಿನ ಮೇಲೆ ಬಿತ್ತು.

"ಏನ್ ಸರ್ ಇಷ್ಟೊಂದು? ಕೋರ್ಟಿಗಾ?"

"ಇವನನ್ನ ಕೆಳಗಿಳಿಸೋಕೆ," ಮೇಷ್ಟ್ರು ಗದ್ದ ಎತ್ತಿ ದೊರೆಯನ್ನು ತೋರಿಸಿದರು.

ಒಂಬತ್ತು ವರ್ಷದಿಂದ ಅವನ ನೆರಳಲ್ಲೇ ನಿಂತು ಕೆಲಸ ಮಾಡುತ್ತಿದ್ದವಳು ಇವತ್ತು ಮೊದಲ ಸಲ ಅವನ ಮುಖ ನೋಡುವವಳ ಹಾಗೆ ಕತ್ತೆತ್ತಿದಳು. "ಅಯ್ಯೋ, ಯಾಕೆ? ಊರಿಗೆ ನೀರು ಕೊಟ್ಟೋರು ಅಂತ ಕಲ್ಲಿನ ಮೇಲೆ ಬರೆದಿದೆಯಲ್ಲ?"

"ಕೊಟ್ಟ, ಇಲ್ಲ ಅನ್ನಲ್ಲ. ನೀವೂ ನಾನೂ ಕುಡಿಯೋದು ಅವನು ಕಟ್ಸಿದ ಅಣೆಕಟ್ಟಿನ ನೀರೇ. ಆದ್ರೆ ಹೊಳೆ ತುಂಬಿ ಹರೀತಿದ್ದಾಗ, ಹಿಂದಿದ್ದ ಏಳು ಹಳ್ಳಿಗೆ ಹೇಳದೆ ಕೇಳದೆ ಅಣೆಕಟ್ಟಿನ ಬಾಗಿಲು ಮುಚ್ಚಿಸ್ದ. ಇನ್ನೂರ ಹನ್ನೆರಡು ಜನ ಮುಳುಗಿಹೋದ್ರು."

"ಯಾರ್ಯಾರು ಸರ್?"

"ಹೇಳಿದ್ನಲ್ಲಮ್ಮ, ಇನ್ನೂರ ಹನ್ನೆರಡು."

"ಎಷ್ಟು ಅಂತ ಅಲ್ಲ ಸರ್, ಯಾರು ಅಂತ."

ಮೇಷ್ಟ್ರು ಸೀಟಿನ ಮೇಲಿದ್ದ ಕಟ್ಟಿನ ಕಡೆ ತಿರುಗಿದರು. ಅಣೆಕಟ್ಟಿನ ಎತ್ತರ ಗೊತ್ತಿತ್ತು, ಬಾಗಿಲು ಮುಚ್ಚಿದ ತಾರೀಖು ಗೊತ್ತಿತ್ತು, ಆ ಕುದುರೆಯ ಹೆಸರು ಕೂಡ ಗೊತ್ತಿತ್ತು. ಇನ್ನೂರ ಹನ್ನೆರಡರಲ್ಲಿ ಒಬ್ಬರು ಯಾರೆಂದು ಗೊತ್ತಿರಲಿಲ್ಲ. ಈ ವಿಷಯ ಕೆದಕಿದ ಇಪ್ಪತ್ತು ವರ್ಷದಲ್ಲಿ ಹುಡುಕಬೇಕು ಎಂದು ಕೂಡ ಅನಿಸಿರಲಿಲ್ಲ. "ದಾಖಲೆಯಲ್ಲಿ ಸಂಖ್ಯೆ ಮಾತ್ರ ಇದೆ," ಎಂದರು. ಹೋಂವರ್ಕ್ ಮಾಡದ ಹುಡುಗನ ಧ್ವನಿ ಅದು, ಅವರಿಗೇ ನಾಚಿಕೆಯಾಯಿತು.

ಪೊಲೀಸಮ್ಮ ಏನೋ ಯೋಚಿಸುತ್ತಿದ್ದಳು. "ಆ ನೀರಿಗೆ ಹೆದರಿ ಜನ ಗುಡ್ಡ ಹತ್ತಿದ್ರಾ ಸರ್?"

"ಹೂಂ, ಉಳಿದೋರೆಲ್ಲ ಗುಡ್ಡ ಹತ್ತಿದೋರೇ. ಯಾಕೆ?"

"ನಮ್ಮನೇಲಿ ಒಂದು ಮಾತಿದೆ ಸರ್. ಎಲ್ಲಾದ್ರೂ ಹೊರಟಾಗ ಮಕ್ಕಳು ಏನೋ ಮರೆತೆ ಅಂತ ವಾಪಸ್ ಓಡಿದ್ರೆ, 'ಮೇಕೆಗೆ ಹೋದೋಳ ಥರ ಆಡ್ಬೇಡ' ಅಂತ ಬೈತೀವಿ. ನಮ್ಮಮ್ಮ ನಂಗೆ ಬೈಯೋಳು, ನಾನು ನನ್ನ ಮಗಳಿಗೆ ಬೈತೀನಿ. ನಮ್ಮಜ್ಜಿಯ ಅಜ್ಜಿಗೆ ಅಕ್ಕ ಆಗ್ಬೇಕಂತೆ ಅವ್ಳು. ಎಲ್ರೂ ಗುಡ್ಡ ಹತ್ತಿ ಕೂತ್ಮೇಲೆ, ಅಯ್ಯೋ ಮೇಕೆ ಕಟ್ಟಿದ ಹಾಗೇ ಇದೆ, ಹಗ್ಗ ಬಿಚ್ಚಿ ಬಂದ್ಬಿಡ್ತೀನಿ ಅಂತ ಇಳಿದ್ಲಂತೆ."

"ಆಮೇಲೆ?"

"ಆಮೇಲೆ ಏನ್ ಸರ್, ಅಷ್ಟೇ."

"ಅವಳ ಹೆಸರೇನಮ್ಮ?"

"ಗೊತ್ತಿಲ್ಲ. ಮೇಕೆಗೆ ಹೋದೋಳು ಅಂತಾನೇ ಅನ್ನೋದು. ಅದು ಯಾವ ನೀರು ಅಂತ ನಂಗೆ ಗೊತ್ತಾಗಿದ್ದೂ ಈಗ್ಲೇ."

ಅಷ್ಟರಲ್ಲಿ ಮಿಷಿನ್ ಗರಗರ ಎಂದು ಚೀಟಿ ಕಕ್ಕಿತು. ಪೊಲೀಸಮ್ಮ ಅದನ್ನು ಹರಿದು ಕೊಟ್ಟಳು. "ಕಾರು ಇಲ್ಲೇ ಇರ್ಲಿ ಸರ್. ರಿನ್ಯೂ ಆಗೋವರೆಗೂ ಓಡಿಸೋ ಹಾಗಿಲ್ಲ." ಕಥೆ ಕಥೆಗೆ, ಕೆಲಸ ಕೆಲಸಕ್ಕೆ. ಯಾಕೋ ಏನೋ, ಮೇಷ್ಟ್ರಿಗೆ ಅವಳ ಮೇಲೆ ಗೌರವವೇ ಹುಟ್ಟಿತು. ಕಟ್ಟನ್ನು ಬಗಲಲ್ಲಿ ಅವುಚಿಕೊಂಡು ಎರಡು ಬೀದಿ ಆಚೆಯ ನಗರಸಭೆಗೆ ಏದುಸಿರು ಬಿಡುತ್ತ ನಡೆದರು.

"ಮೂರರಲ್ಲಿ ಒಂದು ನಿಮಿಷ ಆಗ್ಲೇ ಹೋಯ್ತು ಮೇಷ್ಟ್ರೇ," ಎಂದರು ಅಧ್ಯಕ್ಷರು. ಮುಂದಿನ ಸಾಲಿನಲ್ಲಿ ಬಟ್ಟೆ ಅಂಗಡಿಯ ಸದಸ್ಯರು ಕಣ್ಣು ಅರ್ಧ ಮುಚ್ಚಿ ಕೂತಿದ್ದರು. ದೊರೆಯ ಪರವಾಗಿ ಊರಲ್ಲೆಲ್ಲ ಸಹಿ ಹಾಕಿಸಿಕೊಂಡು ಬಂದವರು ಅವರೇ. ಮೇಷ್ಟ್ರು ಕಟ್ಟು ಬಿಚ್ಚಲು ಹೋಗಿ, ಬಿಚ್ಚದೆ, ಉಳಿದ ಎರಡು ನಿಮಿಷದಲ್ಲಿ ಗುಡ್ಡದಿಂದ ಇಳಿದವಳ ವಿಷಯ ಹೇಳಿದರು. ಹೇಳುವಾಗ ಒಂದು ಸಲವೂ ಕಾಗದದ ಕಡೆ ನೋಡಲಿಲ್ಲ. ಹಿಂದಿನ ಎರಡು ಭಾಷಣದಲ್ಲಿ ಹಾಗಾಗಿರಲಿಲ್ಲ.

"ಇದಕ್ಕೆ ದಾಖಲೆ ಇದೆಯಾ?" ಅಧ್ಯಕ್ಷರು ಕೇಳಿದರು.

"ಇಲ್ಲ ಸ್ವಾಮಿ. ಒಂದು ಬೈಗುಳ ಇದೆ, ಅಷ್ಟೇ."

ಯಾರೋ ಕಿಸಕ್ಕೆಂದು ನಕ್ಕರು. ಅಧ್ಯಕ್ಷರು, "ಸರಿ, ತೆಗೀಬೇಕು ಅನ್ನೋರು ಕೈಯೆತ್ತಿ," ಎಂದರು. ಒಂದು ಕೈಯೂ ಏಳಲಿಲ್ಲ. ಎಲ್ಲರೂ ಬಟ್ಟೆ ಅಂಗಡಿಯವರ ಕಡೆ ನೋಡಿದರು. ಅವರು ಕಣ್ಣು ಪೂರ್ತಿ ತೆರೆದು ಕುರ್ಚಿಯ ತುದಿಗೆ ಬಂದಿದ್ದರು.

"ತಾಳಿ ಅಧ್ಯಕ್ಷರೇ, ಕೈಯೆತ್ತೋದು ಆಮೇಲಿರ್ಲಿ," ಎಂದರು. "ಮೇಷ್ಟ್ರೇ, ಆ ಹೆಂಗಸು ಹಗ್ಗ ಬಿಚ್ಚಿದ್ಲಾ?"