ರೈಲ್ವೆ ಮೇಲ್ಸೇತುವೆ

ಅರ್ಧ ತಾಸಿನಿಂದ ಹುಡುಕುತ್ತಿದ್ದ ತಪ್ಪು ದೇವಪ್ಪ ಬಡಿಗೇರನಿಗೆ ಕೊನೆಗೂ ಸಿಕ್ಕಿತು. ರೈಲ್ವೆ ಮೇಲ್ಸೇತುವೆ ಬಲಕ್ಕೆ ವಾಲಿತ್ತು. ಗದಗಿನ ಹೊಸ ನಗರ ರಚನಾ ವಸ್ತುಸಂಗ್ರಹಾಲಯದ ನಡುಕೋಣೆಯಲ್ಲಿ, ಗಾಜಿನ ಕಟಕಟೆಯೊಳಗೆ, ಮಂಚದಷ್ಟು ಅಗಲದ ಹಲಗೆಯ ಮೇಲೆ ಇಡೀ ಗದಗ-ಬೆಟಗೇರಿ ಸಾಗವಾನಿಯ ಪುಟ್ಟ ಮಾದರಿಯಾಗಿ ಎದ್ದು ನಿಂತಿತ್ತು. ಇಂದಿನ ಊರು ತಿಳಿಬಣ್ಣದ್ದು. ಇನ್ನು ಮುಂದೆ ಆಗಬೇಕಾದ ರಸ್ತೆ, ಬಡಾವಣೆ, ಉದ್ಯಾನ ಕಡುಬಣ್ಣದವು. ಗೋಡೆಯ ಫಲಕದಲ್ಲಿ 'ಕಟ್ಟಿಗೆ ಕೆಲಸ: ಪುಂಡಲೀಕಪ್ಪ ಬಡಿಗೇರ, ಬೆಟಗೇರಿ' ಎಂದಿತ್ತು. ದೇವಪ್ಪನ ಸ್ವಂತ ತಮ್ಮ. ಇಬ್ಬರ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು.

ಲಕ್ಷ್ಮೇಶ್ವರದಲ್ಲಿ ಬಾಗಿಲು ಚೌಕಟ್ಟು ಮಾಡಿಕೊಂಡಿದ್ದ ದೇವಪ್ಪನಿಗೆ, ಚಹಾದ ಅಂಗಡಿಯಲ್ಲಿ ಕುಳಿತಾಗಲೆಲ್ಲ ಯಾರಾದರೊಬ್ಬರು "ನಿಮ್ಮ ತಮ್ಮ ಮಾಡಿದ್ದ ನೋಡಿ ಬಂದ್ವಿ, ಏನ್ ಕೈ ಮಾರಾಯ ಅಂವಂದು" ಎನ್ನುತ್ತಿದ್ದರು. ಆ ಕೈಗೆ ಉಳಿ ಹಿಡಿಯುವುದನ್ನು ಕಲಿಸಿದವನು ತಾನು ಎಂದು ಎಷ್ಟು ಸಲ ಹೇಳುವುದು? ಹೇಳಿದರೆ ತಲೆಯಾಡಿಸಿ ಮತ್ತೆ ತಮ್ಮನ ಮಾತೇ ತೆಗೆಯುತ್ತಿದ್ದರು. ಇಂದು ಬಾಗಿಲಿಗೆ ಹಾಕುವ ಬಿಜಾಗರಿ ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಗದಗಿನ ಬಸ್ಸು ಹತ್ತಿದ್ದ.

ಸೊಟ್ಟ ಸೇತುವೆಯನ್ನು ಅವನು ಇನ್ನಷ್ಟು ಬಗ್ಗಿ ಕಣ್ತುಂಬ ನೋಡುತ್ತಿರುವಾಗ, ಅಲ್ಲಿ ವಿವರಣೆ ಕೊಡುವ ಹುಡುಗಿ ಸ್ನೇಹಾ ಹತ್ತಿರ ಬಂದಳು.

"ನೀವು ಬೆಟಗೇರಿ ಪುಂಡಲೀಕಪ್ಪನವರಲ್ರಿ? ಬ್ರಿಜ್ ಸರಿ ಮಾಡಾಕ ಇವತ್ತ ಬರ್ತೀನಂತ ಫೋನ್ ಮಾಡಿದ್ರಲ್ಲ. ಪೇಪರಿನ್ಯಾಗ ನಿಮ್ಮ ಫೋಟೋ ನೋಡಿದ್ದೆ, ಅದಕ್ಕ ಗುರುತ ಸಿಕ್ತು."

ಅಣ್ಣತಮ್ಮಂದಿರಿಬ್ಬರದೂ ಅದೇ ಮೂಗು, ಅದೇ ಗೂನು ಬೆನ್ನು. ಅಲ್ಲ ಎನ್ನಲು ದೇವಪ್ಪ ಬಾಯಿ ತೆರೆದ.

"ಹೌದ್ರಿ," ಎಂದ.

ಸ್ನೇಹಾ ಕೈ ಮುಗಿದಳು. ಕುಡಿಯಲು ನೀರು ತಂದುಕೊಟ್ಟಳು. ನೋಡಲು ಬಂದಿದ್ದ ಕುಟುಂಬವೊಂದನ್ನು ಕರೆದು "ಇದನ್ನೆಲ್ಲ ಮಾಡಿದವರು ಇವರೇ" ಎಂದಳು. ಆ ಮನೆಯ ಹಿರಿಯ ದೇವಪ್ಪನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ನಲವತ್ತು ವರ್ಷ ಬಾಗಿಲು ಕೂರಿಸಿದ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

ಆಮೇಲೆ ಅವಳು ಗಾಜು ಸರಿಸಿದಳು. ದೇವಪ್ಪ ಚಪ್ಪಲಿ ಬಿಟ್ಟು, ಮೊಣಕಾಲೂರಿ ಒಳಗೆ ಬಾಗಿದ. ಬೆಟಗೇರಿಯ ನೇಕಾರರ ಓಣಿ ಅವನ ಅಂಗೈಯ ಕೆಳಗಿತ್ತು. ಒಂದೊಂದು ಮನೆಯೂ ಹುಣಸೆಬೀಜದಷ್ಟು. ಅಂಗೈ ಸ್ವಲ್ಪ ಭಾರ ಬಿಟ್ಟರೆ ಓಣಿಗೆ ಓಣಿಯೇ ಪುಡಿ. ಅಕಸ್ಮಾತ್ ಆಯಿತೆಂದರೆ ನಂಬುತ್ತಾರೆ. ಕೈ ಹಾಗೇ ನಿಂತಿತು, ಕೆಳಗಿಳಿಯಲಿಲ್ಲ. ಸೇತುವೆಯನ್ನು ಮೆಲ್ಲಗೆ ಎತ್ತಿ ನೋಡಿದ. ಅಡಿಯಲ್ಲಿ ಮೊಳೆಯಿಲ್ಲ, ಅಂಟಿಲ್ಲ. ಕಚ್ಚಿಗೆ ಕಚ್ಚು ಕೂರಿಸಿದ ಕೆಲಸ. ಕೂದಲು ಹೋಗುವಷ್ಟೂ ಸಂದಿಲ್ಲ.

"ಹೋದ ವಾರ ಯಾರೋ ಗಾಜಿನ ಸಂದ್ಯಾಗ ಕೈ ಹಾಕಿ ಜಗ್ಗಿದ್ರಿ," ಎಂದಳು ಸ್ನೇಹಾ. "ಇಲ್ಲಾಂದ್ರ ಗಟ್ಟೀನ ಇತ್ತು."

ಸಿಕ್ಕಿದ್ದ ಒಂದೇ ಒಂದು ತಪ್ಪೂ ತಮ್ಮನದಾಗಿರಲಿಲ್ಲ. ದೇವಪ್ಪ ಸೇತುವೆಯನ್ನು ನೆಟ್ಟಗೆ ಕೂರಿಸಿ ಬೆರಳಿನಿಂದ ಒತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಸಾಮಾನಿನ ಚೀಲ ಹಿಡಿದು ಪುಂಡಲೀಕ ನಿಂತಿದ್ದ.

"ಬರ್ರಿ," ಎಂದಳು ಸ್ನೇಹಾ. "ಇದನ್ನ ಮಾಡಿದ ಪುಂಡಲೀಕಪ್ಪನವರು ಇವರೇ ನೋಡ್ರಿ, ರಿಪೇರಿಗೆ ಬಂದಾರ. ನೀವ್ಯಾರ್ರಿ?"

ದೇವಪ್ಪ ಬಾಗಿದಲ್ಲಿಂದ ತಲೆ ಎತ್ತಲಿಲ್ಲ. ಪುಂಡಲೀಕ ಫಲಕವನ್ನೊಮ್ಮೆ, ಅಣ್ಣನ ಬರಿಗಾಲನ್ನೊಮ್ಮೆ ನೋಡಿದ.

"ನಾ ಇವರ ತಮ್ಮ ರೀ," ಎಂದ. "ಸಾಮಾನು ತಂದೇನಿ."

"ನೀವೂ ಇದ ಕೆಲಸ ಮಾಡ್ತೀರೇನ್ರಿ?"

"ಮಾಡ್ತೀನ್ರಿ. ಕಲಿಸಿದವರು ಇವರು."

ಹೊರಗೆ ಬಂದ ಮೇಲೆ ಅಣ್ಣತಮ್ಮಂದಿರು ಬೇವಿನ ಮರದ ಕೆಳಗೆ ನಿಂತರು. ತಮ್ಮ ಬೈಯಲಿ ಎಂದು ದೇವಪ್ಪ ಕಾದ. ಬೈದರೆ ತಿರುಗಿ ಬೈಯಬಹುದಿತ್ತು, ಮೂರು ವರ್ಷದ ಸಿಟ್ಟು ಒಂದೇ ಸಲಕ್ಕೆ ತೀರುತ್ತಿತ್ತು.

"ಆಕಿ ಮುಂದ ಖರೆ ಹೇಳಬೇಕಾಗಿತ್ತು ನೀ," ಎಂದ ದೇವಪ್ಪನೇ, ತಮ್ಮನ ಮುಖ ನೋಡದೆ.

"ನಾ ಹೇಳಿದ್ರಾಗ ಸುಳ್ಳ ಯಾವುದ ಐತಿ ಅಣ್ಣ?" ಎಂದ ಪುಂಡಲೀಕ. "ನಡಿ, ಊಟದ ಹೊತ್ತಾತು. ಮನಿಗೆ ಹೋಗೂಣು."

ದೇವಪ್ಪ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆದ. ತಮ್ಮನ ಕೈಚಳಕವನ್ನಾದರೂ ಒಂದು ದಿನ ಕ್ಷಮಿಸಬಹುದೇನೋ, ನನ್ನ ಮಾನ ಉಳಿಸಿದ ಇವತ್ತಿನ ಈ ಮಾತನ್ನು ಮಾತ್ರ ಸಾಯುವತನಕ ಕ್ಷಮಿಸಲಾರೆ ಎಂದು ಅವನಿಗೆ ಅನ್ನಿಸಿತು.