ಉಗುಳಿದ ಗುಟುಕು

ಮುದುಕಿ ವೈನಿನ ಗುಟುಕನ್ನು ಬಾಯಲ್ಲೇ ಹೊರಳಾಡಿಸಿ, ಮಾರು ದೂರದ ಬಕೆಟ್ಟಿಗೆ ದಾರದೆಳೆಯಂತೆ ಉಗುಳಿದಳು. ಅಂಚಿಗೆ ಒಂದು ಹನಿಯೂ ಸಿಡಿಯಲಿಲ್ಲ. ಗೈಡ್ ಗಾಸ್ಪಾರ ತಾನು ಸುರಿದುಕೊಟ್ಟ ಬಾಟಲಿಯನ್ನು ಮೇಜಿನ ಮೇಲಿಟ್ಟು ಅವಳನ್ನೇ ನೋಡಿದ. ವೈನ್ ಸೀಮೆ ಬೋರ್ಡೋ ನೋಡಲು ಬಂದ ಪ್ರವಾಸಿಗರು ನುಂಗುತ್ತಾರೆ. ಹೀಗೆ ರುಚಿ ನೋಡಿ ಉಗುಳುವವರು ವೈನ್ ಕಸುಬಿನವರು ಮಾತ್ರ.

ಮೊದಲಿನಿಂದಲೂ ಅವನಿಗೆ ಅವಳ ಮೇಲೆ ಗುಮಾನಿಯಿತ್ತು. ಅವಳು ಒಂದೂ ಫೋಟೋ ತೆಗೆದಿರಲಿಲ್ಲ; ನೆಲಮಾಳಿಗೆಯ ಸವೆದ ಮೆಟ್ಟಿಲುಗಳನ್ನು ನೋಡದೆಯೇ ಇಳಿದಿದ್ದಳು. ಬೆಳಗ್ಗೆ, ದುಬಾರಿ ವೈನಿನ ಈ ಹಳೆಯ ಖಾಲಿ ಬಾಟಲಿಗೆ ಅಗ್ಗದ ವೈನ್ ತುಂಬಿದವನು ಅವನೇ. ಇವಳಿಗೆ ಗೊತ್ತಾಗಿಹೋಯಿತೇ?

"ಏನಮ್ಮಾ, ತಪಾಸಣೆಗೆ ಬಂದ್ರಾ?" ಎಂದು ನಗಲು ನೋಡಿದ.

"ಇಲ್ಲಪ್ಪಾ. ಮೂವತ್ತು ವರ್ಷ ಇಲ್ಲೇ ವೈನ್ ಮಾಡಿದೋಳು ನಾನು." ಬಾಟಲಿಯನ್ನು ತಿರುಗಿಸಿ, ಅದಕ್ಕೆ ಅಂಟಿಸಿದ ಚೀಟಿಯ ಮೂಲೆಯಲ್ಲಿದ್ದ ಸಹಿಯ ಮೇಲೆ ಬೆರಳಿಟ್ಟಳು. "ಈ ಸಹಿ ನಂದು. ಒಳಗಿರೋದು ಮಾತ್ರ ನಂದಲ್ಲ."